ಮಗಳಿಗೆ ಓದಲು ಒಂದು ಮೂಲೆ

ಮಾನ್ಯ ಸಂಪಾದಕರೇ,

ಸಣ್ಣ ಮನೆಯಲ್ಲಿ ಸಾಮಾನು ಜಾಸ್ತಿಯಾದರೆ ಎಲ್ಲರೂ ಹೇಳುವುದು ಒಂದೇ ಮಾತು: ಬೇಡದ್ದನ್ನು ಬಿಸಾಕಿ. ನಮ್ಮದು ಎರಡು ಕೋಣೆ, ಆರು ಜನ. ಬೇಡದ್ದು ಅಂತ ಯಾವುದನ್ನು ಹೇಳಲಿ? ಅತ್ತೆಯವರ ಟ್ರಂಕಿನ ಮೇಲೆ ಹಾಸಿಗೆ ಸುರುಳಿ, ಅದರ ಮೇಲೆ ಮಡಚದ ಬಟ್ಟೆ. ಮಗಳು ಓದಲು ಕೂರಬೇಕಾದರೆ ಹೊಲಿಗೆ ಯಂತ್ರದ ಮೇಲಿರುವುದೆಲ್ಲ ಮಂಚಕ್ಕೆ ಹೋಗಬೇಕು. ಮಲಗುವ ಹೊತ್ತಿಗೆ ಮಂಚದ್ದೆಲ್ಲ ಮತ್ತೆ ಯಂತ್ರದ ಮೇಲೆ. ದಿನಾ ಇದೇ.

ಪರೀಕ್ಷೆಯ ಹಿಂದಿನ ರಾತ್ರಿ ಅವಳು ಬಚ್ಚಲಿನ ದೀಪ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಮೊಣಕಾಲ ಮೇಲೆ ಪುಸ್ತಕ. ಬೆರಳು ಸಾಲಿನ ಮೇಲೆ ಓಡುತ್ತಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ತಾತನಿಗೆ ಎಚ್ಚರವಾಗಬಾರದಲ್ವಾ. ನನಗೆ ಕಣ್ಣು ತುಂಬಿ ಬಂತು.

ಮನೆಗಳಲ್ಲಿ ಇಕ್ಕಟ್ಟು ತಗ್ಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲೇ ಹೇಳಿದೆ. ಒತ್ತಿಕೊಂಡು ಮಲಗುವ ಕಡೆ ಕ್ಷಯದಂಥ ಕಾಯಿಲೆ ಬೇಗ ಹರಡುತ್ತದೆ, ನಿದ್ದೆಯೂ ಕೆಡುತ್ತದೆ. ದೊಡ್ಡ ಮನೆ ನಾಳೆಯೇ ಆಗದು, ಗೊತ್ತು. ಗ್ರಂಥಾಲಯದ ಓದುವ ಕೋಣೆಯನ್ನಾದರೂ ರಾತ್ರಿ ಹತ್ತರವರೆಗೆ ತೆರೆದಿಡಲಿ. ನನ್ನ ಮಗಳು ಮೊದಲ ದಿನವೇ ಬರುತ್ತಾಳೆ.

– ಇಬ್ಬರು ಮಕ್ಕಳ ತಾಯಿ