ಸ್ಕ್ರೀಡ್ ಒಣಗುವ ತನಕ ಹಲಗೆ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನೇರ ವಿಷಯಕ್ಕೇ ಬರುತ್ತೇನೆ. ಅಂಡರ್‌ಫ್ಲೋರ್ ಹೀಟಿಂಗ್ (ನೆಲದೊಳಗಿನ ಪೈಪಿನಲ್ಲಿ ಬಿಸಿನೀರು ಓಡಿಸಿ ಮನೆ ಬೆಚ್ಚಗಿಡುವ ವ್ಯವಸ್ಥೆ) ಇರುವ ಹೊಸ ಮನೆಗಳಲ್ಲಿ ಸ್ಕ್ರೀಡ್‌ನ, ಅಂದರೆ ಆ ಪೈಪು ಮುಚ್ಚಲು ಸುರಿಯುವ ಗಾರೆಯ ಪದರದ, ತೇವ ಅಳೆದು ನೋಡದೆ ಇನ್ನು ಮುಂದೆ ಮರದ ನೆಲದ ಒಂದೇ ಒಂದು ಹಲಗೆಯನ್ನೂ ನಾವು ಅಂಟಿಸುವುದಿಲ್ಲ. ಅಳತೆಗೆ 90 ಪೌಂಡ್ ಆಗುತ್ತದೆ. ಕೆಲಸ ನಮಗೇ ಕೊಟ್ಟರೆ ಅಷ್ಟನ್ನೂ ಬಿಲ್ಲಿನಲ್ಲಿ ಕಳೆಯುತ್ತೇವೆ. ಕೆಲಸದ ತಾರೀಖು ಕೊಡುವುದು ಅಳತೆ ಸರಿಬಂದ ಮೇಲೆಯೇ. ಜೊತೆಗೆ, ನೀವೆಲ್ಲ ಸಾಲಿಡ್ ವುಡ್ ಅನ್ನುತ್ತೀರಲ್ಲ, ಆ ಅಖಂಡ ಮರದ ಹಲಗೆಯನ್ನು ಹೀಟಿಂಗ್ ಮೇಲೆ ಹಾಕುವುದು ಪೂರ್ತಿ ನಿಲ್ಲಿಸಿದ್ದೇವೆ.

ಇದಕ್ಕೆ ಬಂದಿರುವ ಮಾತುಗಳು ನಮ್ಮ ಕಿವಿಗೂ ಬಿದ್ದಿವೆ. ಇಲ್ಲಿ ಇಂಗ್ಲೆಂಡಿನಲ್ಲಿ ರೆಡಿಂಗ್‌ನಿಂದ ಮಿಲ್ಟನ್ ಕೀನ್ಸ್ ತನಕ ಎಲ್ಲ ಕನ್ನಡ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ನಮ್ಮವರೇ ಯಾರಾದರೂ ಇರುತ್ತಾರೆ. ‘ಕೆಲಸ ಜಾಸ್ತಿಯಾಗಿ ಇವರಿಗೆ ತಲೆ ನಿಲ್ಲುತ್ತಿಲ್ಲ’ ಅಂದವರೂ ಇದ್ದಾರೆ. ಗ್ಯಾರೇಜಿನ ದಿನಗಳಿಂದ ನಮ್ಮನ್ನು ಬಲ್ಲವರು ಹಾಗಂದಾಗ ನೋವಾಗುತ್ತದೆ. ಆದರೆ ತಪ್ಪು ನಮ್ಮಿಂದಲೂ ಆಗಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಒಂದು ಮನೆ. ಅಕ್ಟೋಬರ್ ಕೊನೆಗೆ ಸ್ಕ್ರೀಡ್ ಸುರಿದಿದ್ದರು. ಧನುರ್ಮಾಸ ಶುರುವಾಗುವ ಮೊದಲು ಗೃಹಪ್ರವೇಶ ಆಗಲೇಬೇಕು, ಊರಿಂದ ಅಪ್ಪ ಅಮ್ಮನಿಗೆ ಟಿಕೆಟ್ ಆಗಿದೆ, ಹೇಗಾದರೂ ಮಾಡಿಕೊಡಿ ಅಂದರು. ಐದು ವಾರಕ್ಕೇ 32 ಚದರ ಮೀಟರ್ ಓಕ್ ಅಂಟಿಸಿ ಕೊಟ್ಟೆವು. ಪೂಜೆಯ ದಿನ ಬಂದವರೆಲ್ಲ ನೆಲ ಸವರಿ ಹೊಗಳಿದರು. ಆಮೇಲೆ ಹೀಟಿಂಗ್ ಜೋರಾಗಿ ಓಡಿತು. ಸ್ಕ್ರೀಡ್‌ನ ತಳದಲ್ಲಿ ಉಳಿದಿದ್ದ ನೀರು ಆವಿಯಾಗಿ ಮೇಲೇರಿತು, ದಾರಿಗಡ್ಡವಾಗಿ ನಮ್ಮ ಹಲಗೆಗಳಿದ್ದವು. ಸಂಕ್ರಾಂತಿ ಹೊತ್ತಿಗೆ ಒಂದೊಂದು ಹಲಗೆಯೂ ಅಂಚು ಎದ್ದು, ನಡು ತಗ್ಗಿ, ದೋಣಿಯ ಹಾಗಾಗಿತ್ತು. ಎಲ್ಲ ಕಿತ್ತು ನಮ್ಮ ಖರ್ಚಿನಲ್ಲೇ ಮತ್ತೆ ಹಾಸಿದೆವು. ಆ ಮನೆಯ ಅಮ್ಮ ನಮ್ಮ ಹುಡುಗರಿಗೆ ಎರಡೂ ಸಲ ಊಟ ಹಾಕಿದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಅವರು ಅವಸರಪಡಿಸಿದ್ದು ನಿಜ. ಆದರೆ ಆಗಲ್ಲ ಅನ್ನಬೇಕಾಗಿದ್ದವರು ನಾವು. ಕ್ಷಮೆ ಇರಲಿ.

ಈಗ ಎಲ್ಲರೂ ಕೇಳುವ ಒಂದೇ ಪ್ರಶ್ನೆ: ‘ಬಿಲ್ಡರ್ ಕೀ ಕೊಟ್ಟಾಯ್ತು, ನೆಲ ಕಾಲಿಟ್ಟರೆ ಕಲ್ಲಿನ ಹಾಗಿದೆ, ಇನ್ನೂ ಏನು ಒಣಗಬೇಕು?’ ವಾರಕ್ಕೆ ಮೂರು ಸಲವಾದರೂ ಫೋನಿನಲ್ಲಿ ಉತ್ತರ ಹೇಳುತ್ತೇನೆ. ಇಲ್ಲಿ ಬರೆದೇ ಬಿಡುತ್ತೇನೆ.

ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಸಿಮೆಂಟ್ ಸ್ಕ್ರೀಡ್ ಮೇಲೆ ಕೆಲವೇ ದಿನಕ್ಕೆ ಓಡಾಡಬಹುದು. ಒಳಗಿನ ನೀರು ಹೋಗುವ ಲೆಕ್ಕವೇ ಬೇರೆ: ಮೊದಲ 50 ಮಿಲಿಮೀಟರ್ ದಪ್ಪಕ್ಕೆ ದಿನಕ್ಕೆ 1 ಮಿಲಿಮೀಟರ್, ಅದರಾಚೆಗೆ ದಿನಕ್ಕೆ ಅರ್ಧ. ಪೈಪು ಮುಚ್ಚಲು 75 ಮಿಲಿಮೀಟರ್ ಸುರಿದಿದ್ದರೆ ಮೊದಲ 50ಕ್ಕೆ 50 ದಿನ, ಉಳಿದ 25ಕ್ಕೆ ಇನ್ನೂ 50. ಒಟ್ಟು 100 ದಿನ. ಅದೂ ಮನೆ ಬೆಚ್ಚಗಿದ್ದು ಗಾಳಿ ಆಡುತ್ತಿದ್ದರೆ. ನವೆಂಬರಿನ ಮಳೆಯಲ್ಲಿ, ಕಿಟಕಿ ಮುಚ್ಚಿದ ಖಾಲಿ ಮನೆಯಲ್ಲಿ ಹಾಕಿದ ಪಂಚೆಯೇ ಒಣಗುವುದಿಲ್ಲ, ಸ್ಕ್ರೀಡ್ ಎಲ್ಲಿಂದ ಒಣಗಬೇಕು?

‘ಹಾಗಾದರೆ ಹೀಟಿಂಗ್ ಜೋರು ಮಾಡಿ ಒಣಗಿಸೋಣ’ ಅನ್ನುವವರು ಬೇಕಾದಷ್ಟು ಜನ. ಹಸಿ ಸ್ಕ್ರೀಡ್‌ಗೆ ಹಾಗೆ ಬಿಸಿ ಕೊಟ್ಟರೆ ಬಿರುಕು ಬಿಡುತ್ತದೆ, ಮೂಲೆಗಳು ಮೇಲೇಳುತ್ತವೆ. ಸಿಮೆಂಟ್ ಸ್ಕ್ರೀಡ್ ಆದರೆ 21 ದಿನ, ದ್ರವದಂತೆ ಸುರಿಯುವ ಆನ್‌ಹೈಡ್ರೈಟ್ (ಜಿಪ್ಸಂ ಜಾತಿಯ) ಸ್ಕ್ರೀಡ್ ಆದರೆ 7 ದಿನ ಕಳೆಯುವ ತನಕ ಹೀಟಿಂಗ್ ಮುಟ್ಟಬಾರದು. ಆಮೇಲೆ ಪೈಪಿನ ನೀರನ್ನು 20ರಿಂದ 25 ಡಿಗ್ರಿಯಲ್ಲಿ ಮೂರು ದಿನ ಓಡಿಸಿ, ನಂತರ ಆ ವ್ಯವಸ್ಥೆಗೆ ಗೊತ್ತುಮಾಡಿದ ಗರಿಷ್ಠಕ್ಕೆ ಏರಿಸಿ ಕನಿಷ್ಠ ನಾಲ್ಕು ದಿನ ಇಡಬೇಕು. ಇದನ್ನು ಮಾಡಿದ ದಾಖಲೆ ಬಿಲ್ಡರ್ ಕೊಡಬೇಕು. ಕೇಳಿ ಪಡೆಯಿರಿ. ‘ಎಲ್ಲಾ ಆಗಿದೆ ಸರ್’ ಅನ್ನುವ ಬಾಯಿಮಾತು ನಮಗೆ ಸಾಲದು.

ಅಳತೆಗೆ ನಾವು ಸ್ಕ್ರೀಡ್ ಕೊರೆಯುವುದಿಲ್ಲ, ಕೆಳಗೆ ನಿಮ್ಮ ಪೈಪಿದೆ. ನೆಲದ ಮೇಲೆ ತೇವ ಅಳೆಯುವ ಹೈಗ್ರೋಮೀಟರ್ ಪೆಟ್ಟಿಗೆ ಕವುಚಿ, ಸುತ್ತ ಮೆತ್ತಿ, ಮೂರು ದಿನ ಬಿಡುತ್ತೇವೆ. ಒಳಗಿನ ಗಾಳಿಯ ತೇವ 75% ದಾಟಬಾರದು, ಮರದ ನೆಲಕ್ಕಿರುವ ಬ್ರಿಟಿಷ್ ಸ್ಟ್ಯಾಂಡರ್ಡ್ 8201 ಹೇಳುವುದೂ ಅದನ್ನೇ. ಎರಡು ಸಲ ಮನೆಗೆ ಬಂದು ಹೋಗಬೇಕು, ಅದಕ್ಕೇ ಆ 90 ಪೌಂಡ್. ಅದರಲ್ಲಿ ನಾವು ಮಾಳಿಗೆ ಕಟ್ಟುವುದಿಲ್ಲ.

ಸಾಲಿಡ್ ವುಡ್ ಯಾಕೆ ನಿಲ್ಲಿಸಿದಿರಿ ಅಂದರೆ, ನಿಮ್ಮೂರ ಮನೆಯ ಮುಂಬಾಗಿಲು ನೆನಪಿಸಿಕೊಳ್ಳಿ. ಆಷಾಢದ ಮಳೆಗೆ ಉಬ್ಬಿ ಹಿಡಿದುಕೊಂಡಿದ್ದು ಶಿವರಾತ್ರಿ ಹೊತ್ತಿಗೆ ಸಲೀಸಾಗಿ ತೆರೆದುಕೊಳ್ಳುತ್ತದೆ. ಇಲ್ಲಿ ಚಳಿಗಾಲದಲ್ಲಿ ಹೀಟಿಂಗ್ ಗಾಳಿಯನ್ನು ಒಣಗಿಸುವುದರಿಂದ ಮರ ಕುಗ್ಗುವುದು ಆಗಲೇ. 180 ಮಿಲಿಮೀಟರ್ ಅಗಲದ ಇಡೀ ಓಕ್ ಹಲಗೆಯೊಳಗಿನ ತೇವ ಮೂರು ಶೇಕಡಾಂಶ ಇಳಿದರೆ ಹಲಗೆ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ. ಒಂದೊಂದು ಸಂದಿಗೂ ಅಷ್ಟಷ್ಟು. ನಿಮ್ಮ ಹಾಲ್‌ನಲ್ಲಿ ಎಷ್ಟು ಸಂದಿ ಇವೆ, ನೀವೇ ಎಣಿಸಿ. ಅದರ ಬದಲು ಹಾಕುವ ಎಂಜಿನಿಯರ್ಡ್ ಹಲಗೆಯಲ್ಲಿ ಮೇಲೆ 3–4 ಮಿಲಿಮೀಟರ್ ಓಕ್, ಕೆಳಗೆ ಅಡ್ಡ ಉದ್ದ ಅಂಟಿಸಿದ ಪ್ಲೈ. ಒಂದು ಪದರ ಎಳೆದರೆ ಇನ್ನೊಂದು ಹಿಡಿದಿಡುತ್ತದೆ. ಅದು ಡೂಪ್ಲಿಕೇಟ್ ಮರ ಅಲ್ಲ, ದಯವಿಟ್ಟು ಹಾಗೆ ಅನ್ನಬೇಡಿ. ಬೀಚ್ ಮತ್ತು ಮೇಪಲ್ ಮರಗಳು ತುಂಬಾ ಉಬ್ಬಿ ಕುಗ್ಗುತ್ತವೆ, ಹೀಟಿಂಗ್ ಮೇಲೆ ಬೇಡ. ತೇಗ ಕೇಳುವವರಿಗೆ: ತೇಗ ಬಹಳ ಸ್ಥಿರವಾದ ಮರ, ಒಪ್ಪುತ್ತೇನೆ. ಆದರೆ 2021ರಿಂದ ಬರ್ಮಾದ ಸರ್ಕಾರಿ ಮರದ ಸಂಸ್ಥೆಯ ಮೇಲೆ ಬ್ರಿಟನ್ ನಿರ್ಬಂಧ ಹಾಕಿದೆ. ‘ಬರ್ಮಾ ಟೀಕ್, ಅಗ್ಗಕ್ಕೆ ಕೊಡುತ್ತೇನೆ’ ಅನ್ನುವವರ ಹತ್ತಿರ ಕಾಗದಪತ್ರ ಕೇಳಿ ನೋಡಿ.

ದರದ ವಿಷಯ. ಈ ಭಾಗ ಬರೆಯುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಿ. ‘ಬಿಲ್ಡರ್ ಮರದ ನೆಲಕ್ಕೆ ವ್ಯಾಟ್ ಹಾಕಲ್ಲ, ನೀವು 20% ಹಾಕುತ್ತೀರಿ’ ಅಂತ ನಮ್ಮನ್ನು ಲೂಟಿಕೋರರ ಹಾಗೆ ಮಾತಾಡುತ್ತಾರೆ. ಹೊಸ ಮನೆ ಕಟ್ಟುವಾಗಲೇ ಸೇರಿದ ಮರದ ನೆಲಕ್ಕೆ ಸರ್ಕಾರದ ವ್ಯಾಟ್ ಸೊನ್ನೆ. ಮನೆ ಪೂರ್ತಿಯಾಗಿ ನೀವು ಕೊಂಡ ಮೇಲೆ ನಾವು ಬಂದು ಹಾಸಿದರೆ ಅದೇ ಮರಕ್ಕೆ, ಅದೇ ಕೆಲಸಕ್ಕೆ 20%. ಆ ದುಡ್ಡು ನಮ್ಮ ಜೇಬಿಗೆ ಬರುವುದಿಲ್ಲ. ವರ್ಷಕ್ಕೆ 90,000 ಪೌಂಡ್ ವಹಿವಾಟು ದಾಟಿದವರು ವ್ಯಾಟ್‌ಗೆ ನೋಂದಾಯಿಸಲೇಬೇಕು. ವ್ಯಾನಿನಲ್ಲಿ ಒಬ್ಬನೇ ಬಂದು ಹಾಸಿ ಹೋಗುವವನು ಆ ಮಿತಿಯೊಳಗಿದ್ದರೆ ಹಾಕಬೇಕಾಗಿಲ್ಲ, ಅವನ ತಪ್ಪೂ ಅಲ್ಲ. ಆದರೆ ದರ ಹೋಲಿಸುವಾಗ ವ್ಯಾಟ್ ಬಿಟ್ಟು ಹೋಲಿಸಿ.

ಇನ್ನು ಪ್ಲೈ. ಒಳ್ಳೆಯ ಹಲಗೆಯ ಬೆನ್ನಿಗಿರುವುದು ಬರ್ಚ್ ಮರದ ಪ್ಲೈ, ರಷ್ಯಾದಿಂದ ಧಾರಾಳವಾಗಿ ಬರುತ್ತಿತ್ತು. 2022ರ ಮಾರ್ಚಿನಲ್ಲಿ ಬ್ರಿಟನ್ ರಷ್ಯಾದ ಮರದ ಮೇಲೆ 35% ಹೆಚ್ಚುವರಿ ಸುಂಕ ಹೇರಿತು, ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಕಡಿದ ಮರ ಅನ್ನುವ ಎಫ್‌ಎಸ್‌ಸಿ ಪ್ರಮಾಣಪತ್ರವೂ ಹೋಯಿತು. ಯುದ್ಧ ಮಾಡಿದವರು ಯಾರೋ, ದರಪಟ್ಟಿ ತಿದ್ದಿ ಬೈಸಿಕೊಂಡವರು ನಾವು. ನೀಲಗಿರಿ ಪ್ಲೈ ಬೆನ್ನಿನ ಅಗ್ಗದ ಹಲಗೆಯೂ ನಮ್ಮಲ್ಲಿದೆ, ಕೇಳಿದರೆ ತೋರಿಸುತ್ತೇವೆ. ಹೀಟಿಂಗ್ ಮೇಲೆ ಮಾತ್ರ ನನ್ನ ಮನೆಗೆ ಯಾವುದನ್ನು ಹಾಕುತ್ತೇನೋ ಅದನ್ನೇ ಹೇಳುತ್ತೇನೆ.

ಅಂಟಿನ ಖರ್ಚೂ ಇದೆ. ಹಲಗೆಯನ್ನು ಫೋಮ್ ಮೇಲೆ ತೇಲಿಸಿ ಹಾಕಿದರೆ ಅಗ್ಗ, ಆದರೆ ಫೋಮ್ ಶಾಖಕ್ಕೆ ಕಂಬಳಿ ಹೊದಿಸಿದ ಹಾಗೆ. ನೆಲದ ಹೊದಿಕೆಯೆಲ್ಲ ಸೇರಿ ಶಾಖ ತಡೆಯುವ ಅಳತೆ (m²K/W ಲೆಕ್ಕದಲ್ಲಿ) 0.15 ದಾಟಬಾರದು. 14 ಮಿಲಿಮೀಟರ್ ಹಲಗೆ ಒಂದೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ. ಹೊರಗಿನ ಶಾಖ ಹೀರಿ ನೀರು ಬಿಸಿಮಾಡುವ ಹೀಟ್ ಪಂಪ್ ಇರುವ ಮನೆಗಳಲ್ಲಿ ಪೈಪಿನ ನೀರು ಮೊದಲೇ ಉಗುರುಬೆಚ್ಚಗೆ, ಮೇಲೆ ಫೋಮ್ ಹಾಕಿ, ಅದರ ಮೇಲೆ ದಪ್ಪ ರತ್ನಗಂಬಳಿ ಹಾಸಿ ‘ಮನೆ ಬೆಚ್ಚಗಾಗುತ್ತಿಲ್ಲ’ ಅಂದರೆ ಏನು ಹೇಳಲಿ? ಅದಕ್ಕೇ ಪೂರ್ತಿ ಅಂಟಿಸುತ್ತೇವೆ.

ಹಾಸಿದ ಮೇಲೆ ನಿಮ್ಮ ಪಾಲಿನ ಕೆಲಸ ಸ್ವಲ್ಪ. ಹೀಟಿಂಗ್ ದಿನಕ್ಕೆ ಒಂದೆರಡು ಡಿಗ್ರಿಯಷ್ಟೇ ಏರಿಸಿ. ಮರದ ಮೇಲ್ಮೈ 27 ಡಿಗ್ರಿ ದಾಟದ ಹಾಗೆ ಸೆನ್ಸರ್ ಕೂಡಿಸಿ ಕೊಡುತ್ತೇವೆ, ಅದನ್ನು ಬದಲಿಸಬೇಡಿ. ಬಕೆಟ್ ನೀರು ಸುರಿದು ಒರೆಸುವುದು ಬೇಡ, ಬಟ್ಟೆ ಗಟ್ಟಿಯಾಗಿ ಹಿಂಡಿ.

ಗೃಹಪ್ರವೇಶದ ಚಿಂತೆ ಇರುವವರಿಗೆ: ಹಾಲು ಉಕ್ಕಿಸುವುದಕ್ಕೆ ಓಕ್ ಬೇಕಿಲ್ಲ. ಬರಿ ಸ್ಕ್ರೀಡ್ ಮೇಲೆ ಮಾಡಿ. ನಿಜ ಹೇಳಬೇಕೆಂದರೆ ಹೋಮಕ್ಕೆ ಅದೇ ಅನುಕೂಲ. ಕೆಳಗೆ ಇಟ್ಟಿಗೆ, ಮರಳು ಇಟ್ಟುಕೊಂಡರೆ ಆಯಿತು, ಹಲಗೆ ಸುಟ್ಟೀತೆಂಬ ಭಯವಿಲ್ಲ. ಸ್ಮೋಕ್ ಅಲಾರ್ಮ್ ಕೂಗಿಕೊಂಡರೆ ಅದು ನಮ್ಮ ಕೈಲಿಲ್ಲ. ಆ ದಿನ ನೆಲ ಬೋಳಾಗಿ ಕಾಣಬಾರದೆಂದು ನಮ್ಮ ಗೋದಾಮಿನಿಂದ ಜಮಖಾನ ತಂದು ಹಾಸಿ ಕೊಡುತ್ತೇವೆ, ಬಾಡಿಗೆ ಇಲ್ಲ. ಕರೆದರೆ ಊಟಕ್ಕೂ ಬರುತ್ತೇನೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ, ಅಳತೆಯೂ ಉಚಿತ. ಕಾಯಲು ಇಷ್ಟವಿಲ್ಲದಿದ್ದರೆ ಮುಂಗಡ ಪೂರ್ತಿ ವಾಪಸ್, ಬೇಸರವಿಲ್ಲ. ಅನುಮಾನ ಇದ್ದರೆ ನನ್ನ ಹಳೆಯ ನಂಬರಿಗೇ ಫೋನ್ ಮಾಡಿ, ಸಂಜೆ ಆರರ ನಂತರ ನಾನೇ ಎತ್ತುತ್ತೇನೆ.

ಇಂತಿ ನಿಮ್ಮ,
ಅಂಗಡಿಯವನು

ತಾ.ಕ.: ಜಮಖಾನ ಇರುವುದು ಎರಡೇ. ಮುಹೂರ್ತ ಗೊತ್ತಾದ ಕೂಡಲೇ ಹೇಳಿ.