ಗಿಮ್ಲಿಗೆ ಹೋಗುವ ಮುನ್ನ

ಆಗಸ್ಟ್ ಮೊದಲ ಸೋಮವಾರದ ರಜೆಗೆ ಎಲ್ಲಿ ಹೋಗೋಣ ಎಂಬ ಮಾತು ನಮ್ಮ ಸಂಘದವರ ಮನೆಗಳಲ್ಲಿ ಶುರುವಾಗಿದೆ. ಕೆನಡಾದ ನಮ್ಮ ವಿನ್ನಿಪೆಗ್‌ನಿಂದ ಉತ್ತರಕ್ಕೆ ಗಂಟೆಯ ಮೇಲೆ ಸ್ವಲ್ಪ ಕಾರು ಓಡಿಸಿದರೆ ಗಿಮ್ಲಿ. ನಮ್ಮವರಲ್ಲಿ ಬಹಳ ಮಂದಿ ನೋಡಿರುವ ಊರೇ. ಮಕ್ಕಳನ್ನು ಸರೋವರದ ಮರಳಿನಲ್ಲಿ ಆಡಲು ಬಿಟ್ಟು, ವೈಕಿಂಗ್ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡು, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು ಸಂಜೆಗೆ ವಾಪಸಾಗುತ್ತೇವೆ. ಈ ಸಲ ಆ ಊರಿನ ಕಥೆ ತಿಳಿದುಕೊಂಡು ಹೋಗಿ ಎಂದು ಕೇಳಿಕೊಳ್ಳುವುದಕ್ಕೇ ಈ ಸಂಪಾದಕೀಯ ಬರೆಯುತ್ತಿದ್ದೇನೆ.

ಗಿಮ್ಲಿ ಐಸ್‌ಲ್ಯಾಂಡಿನಿಂದ ಬಂದವರು ಕಟ್ಟಿದ ಊರು. 1875ರ ಮಾರ್ಚ್‌ನಲ್ಲಿ ಅಲ್ಲಿ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಪೂರ್ವ ಭಾಗದ ಹುಲ್ಲುಗಾವಲುಗಳ ಮೇಲೆ ಬೂದಿ ಸುರಿಯಿತು, ಅದಕ್ಕೇ ಜನ ಊರು ಬಿಟ್ಟರು ಎಂದು ಹೇಳುವುದುಂಟು. ಅದು ಅರ್ಧ ಕಥೆ. ಕುರಿ ಸಾಕಿ ಬದುಕುತ್ತಿದ್ದ ಆ ಬಡ ನಾಡಿನಿಂದ ವಲಸೆ ಅದಕ್ಕೂ ಮೊದಲೇ ಶುರುವಾಗಿತ್ತು. 1874ರಲ್ಲಿ ಒಂದು ಗುಂಪು ಒಂಟಾರಿಯೋದ ಕಿನ್‌ಮೌಂಟ್‌ನಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಸೇರಿತ್ತು. ಆ ಚಳಿಗಾಲದಲ್ಲಿ ಇಕ್ಕಟ್ಟಿನ ಗುಡಿಸಲುಗಳಲ್ಲಿ ಅವರ ಎಷ್ಟೋ ಎಳೆ ಮಕ್ಕಳು ತೀರಿಕೊಂಡವು. ತಮ್ಮವರೆಲ್ಲ ಒಂದೇ ಕಡೆ ಇರುವಂಥ ನೆಲ ಬೇಕು ಎಂದು ಅವರು ಹುಡುಕಿದರು. ಸಿಗ್‌ಟ್ರಿಗ್ಗುರ್ ಯೋನಾಸನ್ ಎಂಬ ತರುಣ, ಜಾನ್ ಟೇಲರ್ ಎಂಬ ಕ್ರೈಸ್ತ ಪ್ರಚಾರಕ ಮುಂದೆ ನಿಂತು ಕೆನಡಾ ಸರ್ಕಾರದಿಂದ ವಿನ್ನಿಪೆಗ್ ಸರೋವರದ ಪಶ್ಚಿಮ ದಂಡೆಯನ್ನು ಕೊಡಿಸಿದರು. ಅದಕ್ಕೆ ನ್ಯೂ ಐಸ್‌ಲ್ಯಾಂಡ್ ಎಂದು ಹೆಸರಾಯಿತು.

1875ರ ಅಕ್ಟೋಬರ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಚಪ್ಪಟೆ ತಳದ ಮರದ ದೋಣಿಗಳಲ್ಲಿ ರೆಡ್ ನದಿಯಗುಂಟ ಸಾಗಿ ಸರೋವರಕ್ಕೆ ಬಂದರು. ಅಲ್ಲಿಂದ ಹಡ್ಸನ್ಸ್ ಬೇ ಕಂಪನಿಯ 'ಕಾಲ್ವಿಲ್' ಎಂಬ ಉಗಿಹಡಗು ಆ ದೋಣಿಗಳನ್ನು ಎಳೆದುಕೊಂಡು ಹೊರಟಿತು. ಅವರು ಸೇರಬೇಕಿದ್ದುದು ಇನ್ನೂ ಉತ್ತರದ ನದೀಮುಖ. ಹವಾಮಾನ ಕೆಟ್ಟಿದ್ದರಿಂದ ಅಕ್ಟೋಬರ್ 21ರಂದು ವಿಲೋ ಪಾಯಿಂಟ್ ಎಂಬ ಮರಳುದಿಣ್ಣೆಯ ಬಳಿಯೇ ಇಳಿಯಬೇಕಾಯಿತು. ಅಲ್ಲಿ ಒಂದು ದೊಡ್ಡ ಬಿಳಿ ಬಂಡೆ ಇದೆ. ಬಂದಿಳಿದ ಹೊತ್ತಿನಲ್ಲೇ ಆ ಬಂಡೆಯ ಆಸರೆಯಲ್ಲಿ ಒಬ್ಬ ತಾಯಿ ಗಂಡುಮಗು ಹೆತ್ತಳೆಂದು ಊರಿನವರು ಇಂದಿಗೂ ಹೇಳುತ್ತಾರೆ. ಈಗಲೂ ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಹಿರಿಯರು, ಮಕ್ಕಳು ಸೇರಿ ಆ ಬಂಡೆಯವರೆಗೆ ನಡೆದು ಹೋಗುತ್ತಾರೆ.

ಮರದ ದಿಮ್ಮಿಯ ಗುಡಿಸಲುಗಳಷ್ಟೇ ಇದ್ದ ಆ ಜಾಗಕ್ಕೆ ಅವರು ಗಿಮ್ಲಿ ಎಂದು ಹೆಸರಿಟ್ಟರು. ಅವರ ಹಳೆಯ ಪುರಾಣದಲ್ಲಿ ಪ್ರಳಯವಾಗುತ್ತದೆ, ದೇವತೆಗಳೇ ಕಾದಾಡಿ ಸಾಯುತ್ತಾರೆ, ಭೂಮಿ ಸಮುದ್ರದಲ್ಲಿ ಮುಳುಗಿ ಮತ್ತೆ ಹಸಿರಾಗಿ ಮೇಲೇಳುತ್ತದೆ. ಆಮೇಲೆ ಸಜ್ಜನರು ವಾಸಿಸುವ, ಚಿನ್ನದ ಚಾವಣಿಯ, ಸೂರ್ಯನಿಗಿಂತ ಬೆಳಗುವ ಮನೆ ಇರುವ ತಾಣವೇ ಗಿಮ್ಲಿ. ಕಿನ್‌ಮೌಂಟ್‌ನಲ್ಲಿ ಮಕ್ಕಳನ್ನು ಮಣ್ಣುಮಾಡಿ ಬಂದವರಿಗೆ ಆ ಹೆಸರು ಎಷ್ಟು ಬೇಕಾಗಿತ್ತೋ ಯೋಚಿಸಿ.

ಕಷ್ಟ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1876ರ ಬೇಸಿಗೆಯಲ್ಲಿ ಐಸ್‌ಲ್ಯಾಂಡಿನಿಂದ ಸಾವಿರಕ್ಕೂ ಮೀರಿ ಜನ ಬಂದರು, ಬೂದಿ ಬಿದ್ದ ಸೀಮೆಯವರು ಹೆಚ್ಚಾಗಿ ಬಂದದ್ದು ಆಗಲೇ. ಅದೇ ವರ್ಷ ಸಿಡುಬು ಕಾಲಿಟ್ಟಿತು. ಸುಮಾರು ನೂರು ಮಂದಿ ವಲಸಿಗರು ಸತ್ತರು. ಮರುವರ್ಷದ ಜುಲೈವರೆಗೆ ಇಡೀ ಪ್ರದೇಶಕ್ಕೆ ದಿಗ್ಬಂಧನ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ದಂಡೆ ಖಾಲಿ ಬಿದ್ದ ನೆಲವಾಗಿರಲಿಲ್ಲ. ಉತ್ತರಕ್ಕೆ, ಇಂದಿನ ರಿವರ್ಟನ್ ಹತ್ತಿರದ ಸ್ಯಾಂಡಿ ಬಾರ್‌ನಲ್ಲಿ ಸೋಟೋ ಎಂಬ ಮೂಲನಿವಾಸಿ ಜನ ನೆಲೆಸಿದ್ದರು, ತೋಟ ಮಾಡಿಕೊಂಡಿದ್ದರು. ಸಿಡುಬು ಅವರ ಊರನ್ನೇ ಬರಿದು ಮಾಡಿತು. ಅವರಲ್ಲಿ ಜಾನ್ ರಾಮ್‌ಸೇ ಎಂಬವನಿದ್ದ. ತನ್ನ ನೆಲದ ಮೇಲೆ ಬಂದು ಕೂತವರೊಂದಿಗೆ ಮೊದಲು ಜಗಳವಾಡಿದವನು, ಆಮೇಲೆ ಅವರಿಗೆ ಬೇಟೆಯ ಮಾಂಸ ತಂದುಕೊಟ್ಟು ನೆರವಾದವನು. ಅವನ ಹೆಂಡತಿ ಬೆಟ್ಸಿ 1876ರಲ್ಲಿ ಸಿಡುಬಿಗೆ ಬಲಿಯಾದಳು. ಅವಳ ಸಮಾಧಿಗೆ ಅವನು ಅಮೃತಶಿಲೆಯ ಕಲ್ಲು ತಂದು ನಿಲ್ಲಿಸಿದ. ಬೇಲಿ ಕಟ್ಟಿದ ಜಾಗದಲ್ಲಿ, ಬೆಟ್ಸಿಯ ಹೆಸರು ಕೆತ್ತಿದ ಆ ಕಲ್ಲು ರಿವರ್ಟನ್ ಬಳಿ ಈಗಲೂ ನಿಂತಿದೆ. ನಮ್ಮ ಸಂಘದ ಕಾರ್ಯಕ್ರಮಗಳ ಆರಂಭದಲ್ಲಿ ಈ ನೆಲದ ಮೂಲನಿವಾಸಿಗಳನ್ನು ನೆನೆಯುವ ನಾಲ್ಕು ಸಾಲನ್ನು ಓದುತ್ತೇವೆ. ಒಮ್ಮೆ ಆ ಕಲ್ಲಿನ ಮುಂದೆ ನಿಂತು ಬಂದವರು ಆ ಸಾಲುಗಳನ್ನು ಅವಸರದಲ್ಲಿ ಓದಲಾರರು. ಗಿಮ್ಲಿಗೆ ಹೋದವರು ದಯವಿಟ್ಟು ಇನ್ನಷ್ಟು ಉತ್ತರಕ್ಕೆ ಹೋಗಿ.

1877ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಡಫರಿನ್ ಗಿಮ್ಲಿಗೆ ಬಂದ. ಇವನೇ ಮುಂದೆ ಭಾರತದ ವೈಸರಾಯ್ ಆದವನು. ಎಷ್ಟೇ ಬರಿಗೋಡೆಯ ಗುಡಿಸಲಾದರೂ ತಾನು ಹೊಕ್ಕ ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಪುಸ್ತಕ ಕಂಡೆ ಎಂದು ಅವನು ಭಾಷಣದಲ್ಲಿ ಹೇಳಿದ. ಅದೇ ವರ್ಷ ಆ ವಲಸಿಗರು 'ಫ್ರಾಮ್‌ಫಾರಿ' ಎಂಬ ಪತ್ರಿಕೆಯನ್ನೂ ತಂದರು. ಸಿಡುಬಿನಿಂದ ಎದ್ದ ಕೆಲವೇ ತಿಂಗಳಲ್ಲಿ, ಕಾಡಿನ ನಡುವೆ, ತಮ್ಮ ಭಾಷೆಯಲ್ಲಿ ಒಂದು ಪತ್ರಿಕೆ! ಅದು ಬಾಳಿದ್ದು 1880ರವರೆಗೆ ಮಾತ್ರ. ಧರ್ಮದ ವಿಚಾರದಲ್ಲಿ ಜಗಳ, ಪ್ರವಾಹ. ಎಷ್ಟೋ ಜನ ಅಮೆರಿಕದ ಡಕೋಟಾಕ್ಕೆ, ವಿನ್ನಿಪೆಗ್‌ಗೆ ಹೊರಟುಹೋದರು. ಹೋದ ಕಡೆಯೂ ಪತ್ರಿಕೆ ಬಿಡಲಿಲ್ಲ. ವಿನ್ನಿಪೆಗ್‌ನಲ್ಲಿ 1886ರಲ್ಲಿ 'ಹೈಮ್ಸ್‌ಕ್ರಿಂಗ್ಲಾ', 1888ರಲ್ಲಿ 'ಲೋಗ್‌ಬರ್ಗ್' ಹುಟ್ಟಿದವು, ದಶಕಗಟ್ಟಲೆ ಒಂದನ್ನೊಂದು ಟೀಕಿಸುತ್ತ ನಡೆದು 1959ರಲ್ಲಿ ಒಂದಾದವು. ಆ ಪತ್ರಿಕೆ ಇಂದಿಗೂ ಬರುತ್ತಿದೆ, ಬಹುಪಾಲು ಇಂಗ್ಲಿಷಿನಲ್ಲಿ.

ಭಾಷೆ ಮನೆಮಾತಾಗಿ ಉಳಿದದ್ದು ಕೆಲವರಲ್ಲಿ ಮಾತ್ರ. ಉಳಿದವು ಬೇರೆ. 1890ರಲ್ಲಿ ವಿನ್ನಿಪೆಗ್‌ನಲ್ಲಿ ಶುರುವಾದ ಐಸ್‌ಲ್ಯಾಂಡರ ಹಬ್ಬ 1932ರಿಂದ ಗಿಮ್ಲಿಯಲ್ಲಿ ನಡೆಯುತ್ತಿದೆ, ಇದೇ ಆಗಸ್ಟ್ ರಜೆಯಲ್ಲಿ. ಸಮುದಾಯದ ಹಿರಿಯ ಮಹಿಳೆಯೊಬ್ಬರು ಕಿರೀಟ ಧರಿಸಿ, ಹಸಿರು ಮೇಲಂಗಿ ಹೊದ್ದು ನಾಡತಾಯಿಯಾಗಿ ವೇದಿಕೆಯ ಮೇಲೆ ಕೂರುತ್ತಾರೆ. ನಮ್ಮ ರಾಜ್ಯೋತ್ಸವದ ಭುವನೇಶ್ವರಿ ಎದ್ದು ಬಂದು ಮಾತಾಡಿದ ಹಾಗೆ. ವೀನಾರ್ತೆರ್ತಾ ಎಂಬ ಸಿಹಿಯನ್ನೂ ತಿಂದು ನೋಡಿ. ತೆಳು ಬಿಸ್ಕತ್ತಿನಂಥ ಪದರಗಳ ನಡುವೆ ಒಣ ಪ್ಲಮ್ ಹಣ್ಣನ್ನು ಬೇಯಿಸಿ ಅರೆದ ಹೂರಣ, ಅದಕ್ಕೆ ಏಲಕ್ಕಿಯ ಘಮ. ಪದರ ಏಳೇ ಇರಬೇಕೆ, ಮೇಲೆ ಸಕ್ಕರೆ ಲೇಪ ಬೇಕೆ ಎಂದು ಮನೆಮನೆಗೂ ವಾದ. 1870ರ ದಶಕದಲ್ಲಿ ಐಸ್‌ಲ್ಯಾಂಡಿನಲ್ಲಿ ಮೆಚ್ಚಿನದಾಗಿದ್ದ ಈ ತಿಂಡಿ ಅಲ್ಲಿ ಕ್ರಮೇಣ ಹಿಂದೆ ಸರಿಯಿತು. ಇಲ್ಲಿಯ ಅಜ್ಜಿಯರು ಬಿಡಲಿಲ್ಲ.

ಈಗ ನಮ್ಮ ಮಾತು. ಆ ಜನರ ಬಗ್ಗೆ ಇಷ್ಟು ಹೇಳಲು ಸಾಧ್ಯವಾದದ್ದು ಅವರು ಬರೆದಿಟ್ಟಿದ್ದರಿಂದ. ಪತ್ರ, ಡೈರಿ, ಜಗಳ, ಸತ್ತವರ ಹೆಸರು, ಎಲ್ಲವನ್ನೂ ಬರೆದರು. ನಮ್ಮಲ್ಲಿ ಮೊದಮೊದಲು ಬಂದ ಹಿರಿಯರು ಹಬ್ಬದ ಊಟದ ಪಂಕ್ತಿಯಲ್ಲಿ ಎಷ್ಟೋ ಹೇಳುತ್ತಾರೆ: ಮೊದಲ ಚಳಿಗಾಲದಲ್ಲಿ ಯಾರು ಕೋಟು ಕೊಟ್ಟರು, ಹುಣಸೆಹಣ್ಣು, ರಾಗಿಹಿಟ್ಟು ಎಲ್ಲಿ ಸಿಗುತ್ತಿತ್ತು, ಸಂಘ ಯಾರ ಮನೆಯ ಬೇಸ್‌ಮೆಂಟಿನಲ್ಲಿ ಹುಟ್ಟಿತು. ಅದರಲ್ಲಿ ಒಂದಕ್ಷರವೂ ನಮ್ಮ ಸುದ್ದಿಪತ್ರದಲ್ಲಿ ಬಂದಿಲ್ಲ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ದೀಪಾವಳಿ ಸಂಚಿಕೆಯ ಅರ್ಧ ಪುಟಗಳನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ. ಹಿರಿಯರೇ, ನೀವು ಯಾವ ಊರಿನಿಂದ, ಹೇಗೆ, ಏಕೆ ಬಂದಿರಿ ಎಂದು ಬರೆಯಿರಿ. ಕನ್ನಡದಲ್ಲಿ ಬರೆಯಲು ಬಾರದ ಮಕ್ಕಳು ಅಜ್ಜ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ. ಕೈಬರಹವಾದರೂ ಸರಿ, ಫೋಟೋ ತೆಗೆದು ಕಳಿಸಿ. ಟೈಪ್ ಮಾಡುವ ಕೆಲಸ ನಮಗಿರಲಿ. ಸೆಪ್ಟೆಂಬರ್ ಕೊನೆಯೊಳಗೆ ತಲುಪಿದರೆ ಸಾಕು.