ಆ 7 ಜನಕ್ಕೆ ನನ್ನ ನಮಸ್ಕಾರ

ನಿನ್ನೆಗೆ ಒಂದು ವರ್ಷ ಆಯಿತು. ಹೋದ ವರ್ಷ ಅದೇ ದಿನ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನಗೆ ಮೊದಲ ಸಲ ಡಿಪ್ರೆಶನ್‌ಗೆ ಕೆಟಮಿನ್ ಅನ್ನುವ ಔಷಧಿ ಕೊಟ್ಟರು. ಇವತ್ತು ಬೆಳಿಗ್ಗೆ ನಾನೇ ಎದ್ದೆ, ನಾನೇ ಕಾಫಿ ಮಾಡಿಕೊಂಡೆ, ಇದನ್ನು ಬರೆಯಲು ಕೂತೆ. ಡಿಪ್ರೆಶನ್ ಕಂಡವರಿಗೆ ಇದೆಷ್ಟು ದೊಡ್ಡದು ಅಂತ ಗೊತ್ತು.

ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ವಾರ ತಗೊಂಡರೂ ಗುಣ ಕಾಣದಿದ್ದರೆ ಅದನ್ನು ಚಿಕಿತ್ಸೆಗೆ ಬಗ್ಗದ ಡಿಪ್ರೆಶನ್ ಅನ್ನುತ್ತಾರೆ. ನಾನು ನಾಲ್ಕು ಔಷಧಿ ದಾಟಿದ್ದೆ. ಪ್ರತಿಯೊಂದಕ್ಕೂ ವಾರಗಟ್ಟಲೆ ಕಾಯಬೇಕು. ನಡುವೆ ಒಬ್ಬರು ವೈದ್ಯರು "ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಅಷ್ಟೇ" ಅಂದು ಕಳಿಸಿಬಿಟ್ಟರು. ಆ ಮಾತು ಇನ್ನೂ ಚುಚ್ಚುತ್ತದೆ.

ಆಮೇಲೆ ಸಿಕ್ಕ ಡಾಕ್ಟರ್ ಮೇಡಂ ಹಾಗನ್ನಲಿಲ್ಲ. ಚೀಟಿಯ ಹಿಂದೆ ಒಂದು ಚಿತ್ರ ಬರೆದರು. "ನಿಮ್ಮೂರಲ್ಲಿ ಕೆರೆ ಇದೆಯಾ? ತೂಬು ನೋಡಿದ್ದೀರಾ?" ಮಂಡ್ಯದ ಕಡೆಯವಳು ನಾನು, ನೋಡದೆ ಇರ್ತೀನಾ? ಮಿದುಳಿನ ಕೋಶಗಳ ಮೇಲೂ ಅಂಥ ಸಣ್ಣ ಸಣ್ಣ ತೂಬುಗಳಿವೆಯಂತೆ. ಎನ್‌ಎಂಡಿಎ ರಿಸೆಪ್ಟರ್ ಅದರಲ್ಲೊಂದು. ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಗ್ಲುಟಮೇಟ್ ಅನ್ನುವ ರಾಸಾಯನಿಕ ಬಂದು ಕೂತರೆ ಅದು ತೆರೆಯುತ್ತದೆ, ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ. ಕೆಟಮಿನ್ ಆ ತೆರೆದ ತೂಬಿನೊಳಗೇ ಹೊಕ್ಕು ಅಡ್ಡ ಕೂರುತ್ತದೆ. ನಾನು ಅಲ್ಲಿತನಕ ತಗೊಂಡ ಮಾತ್ರೆಗಳೆಲ್ಲ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ಬೇರೆ ರಾಸಾಯನಿಕಗಳ ದಾರಿಯವು. ಇದರ ದಾರಿಯೇ ಬೇರೆ.

ತೂಬು ಮುಚ್ಚಿದರೆ ಮನಸ್ಸು ಹಗುರಾಗೋದು ಹೇಗೆ ಅಂತ ಕೇಳಿದೆ. ಅದರ ಬಗ್ಗೆ ವಿಜ್ಞಾನಿಗಳ ವಾದ ಇನ್ನೂ ಮುಗಿದಿಲ್ಲ ಅಂದರು. ಒಂದು ವಿವರಣೆ ಹೀಗಿದೆ. ಕೆಟಮಿನ್ ಮೊದಲು ಸುಮ್ಮನಾಗಿಸುವುದು ಬ್ರೇಕ್ ಹಾಕುವ ಕೋಶಗಳನ್ನು. ಬ್ರೇಕ್ ಸಡಿಲವಾದಾಗ ಗ್ಲುಟಮೇಟ್ ನುಗ್ಗುತ್ತದೆ, ಆಂಪಾ ಅನ್ನುವ ಬೇರೆ ರಿಸೆಪ್ಟರ್‌ಗಳು ಚುರುಕಾಗುತ್ತವೆ, ಕೋಶಗಳ ನಡುವೆ ಹೊಸ ಕೊಂಡಿಗಳು ಚಿಗುರುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡುಮನ್ ಮತ್ತು ಅವರ ಜೊತೆಯವರು 2010ರಲ್ಲಿ ಇಲಿಗಳ ಮಿದುಳಿನಲ್ಲಿ ಈ ಚಿಗುರನ್ನು ಒಂದೇ ದಿನದಲ್ಲಿ ಕಂಡರು. ಡುಮನ್ 2020ರಲ್ಲಿ ತೀರಿಕೊಂಡರು. ನನ್ನ ಥ್ಯಾಂಕ್ಸ್ ಅವರಿಗೆ ಮುಟ್ಟೋದಿಲ್ಲ. ಆದರೂ ಬರೆಯುತ್ತೇನೆ.

ಡ್ರಿಪ್ 40 ನಿಮಿಷ. ಅರಿವಳಿಕೆಗೆ ಕೊಡುವುದಕ್ಕಿಂತ ತುಂಬಾ ಕಡಿಮೆ ಡೋಸು, ತೂಕದ ಒಂದು ಕಿಲೋಗೆ ಅರ್ಧ ಮಿಲಿಗ್ರಾಂ. ಹತ್ತು ನಿಮಿಷ ಆಗಿರಬೇಕು, ನನ್ನ ಕೈ ನನ್ನದಲ್ಲ ಅನ್ನಿಸಿತು. ಗೋಡೆಯ ಗಡಿಯಾರ ಎಲ್ಲೋ ದೂರ ಹೋಯಿತು. ಹೆದರಿಕೆ ಆಯಿತು. ಬಿಪಿ ನೋಡುತ್ತಿದ್ದ ಸಿಸ್ಟರ್ ನನ್ನ ಹೆಬ್ಬೆರಳನ್ನು ಹಿಡಿದುಕೊಂಡು "ನಾನಿಲ್ಲೇ ಇದೀನಿ ಕಣಮ್ಮಾ, ಎಲ್ಲೂ ಹೋಗಲ್ಲ" ಅಂದರು. ಕೊನೆಯವರೆಗೂ ಬಿಡಲಿಲ್ಲ. ಸಿಸ್ಟರ್, ಆ ಹಿಡಿತ ಇವತ್ತಿಗೂ ನೆನಪಿದೆ.

ಮೂರನೇ ಡ್ರಿಪ್ ಆದ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಡುಗೆ ಇವರದ್ದೇ, ಎರಡು ವರ್ಷದಿಂದ. ಒಂದು ತುತ್ತು ತಿಂದು "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಲ್ವಾ?" ಅಂದೆ. ಇವರು ಸೌಟು ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತರು. ಅಷ್ಟು ದಿನ ನನಗೆ ಉಪ್ಪೂ ಒಂದೇ, ಸಪ್ಪೆಯೂ ಒಂದೇ ಆಗಿತ್ತು. ಅತ್ತೆ ಒಳಗಿಂದ ಬಂದು ಇಬ್ಬರನ್ನೂ ನೋಡಿ, ಏನೂ ಕೇಳದೆ ನನ್ನ ತಟ್ಟೆಗೆ ಮಜ್ಜಿಗೆ ಹಾಕಿದರು.

ಇನ್ನು ಆ 7 ಜನ. ಕೆಟಮಿನ್ ಹೊಸದಲ್ಲ. 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನುವ ರಸಾಯನ ವಿಜ್ಞಾನಿ ಅದನ್ನು ತಯಾರಿಸಿದರು, 1970ರಲ್ಲಿ ಅಮೆರಿಕದಲ್ಲಿ ಅರಿವಳಿಕೆಗೆ ಒಪ್ಪಿಗೆ ಸಿಕ್ಕಿತು. ಡಿಪ್ರೆಶನ್‌ಗೆ ಅದನ್ನು ಕೊಟ್ಟು ನೋಡಿದ ಯೇಲ್‌ನ ಸಣ್ಣ ಪ್ರಯೋಗ ಪ್ರಕಟವಾದದ್ದು 2000ದಲ್ಲಿ. ಪೂರ್ತಿ ಮುಗಿಸಿದ ರೋಗಿಗಳು 7 ಜನ. ಅವರ ಹೆಸರು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಬಾರದು ಕೂಡ. ನನ್ನ ಹಾಗೇ ಕೈ ಚಾಚಿ ಕೂತವರು. ಇದರಿಂದ ಗುಣ ಆಗುತ್ತೆ ಅಂತ ಅವರಿಗೆ ಹೇಳೋಕೆ ಆಗ ಯಾರೂ ಇರಲಿಲ್ಲ. 2006ರಲ್ಲಿ ಅಮೆರಿಕದ ಸಂಶೋಧಕ ಕಾರ್ಲೋಸ್ ಝರಾಟೆ ಅವರ ತಂಡ ಔಷಧಿಗೆ ಬಗ್ಗದವರಿಗೇ ಕೊಟ್ಟು ನೋಡಿತು. 17 ಜನರಲ್ಲಿ 71% ಮಂದಿಗೆ ಮರುದಿನವೇ ಗುಣ ಕಂಡಿತು. ವಾರದ ತನಕ ಉಳಿದದ್ದು 35% ಮಂದಿಗೆ ಮಾತ್ರ. ಇದನ್ನೂ ಹೇಳಲೇಬೇಕು, ಯಾಕೆಂದರೆ ನನಗೂ ಒಂದು ಸಲಕ್ಕೆ ಮುಗಿಯಲಿಲ್ಲ. ಮಾತ್ರೆ ಈಗಲೂ ಇದೆ, ಕೌನ್ಸೆಲಿಂಗ್ ಇದೆ. ಬಿಪಿ ಏರುತ್ತದೆ, ಚಟ ಹತ್ತಬಹುದು, ಬೇಕಾಬಿಟ್ಟಿ ಬಳಸಿದರೆ ಮೂತ್ರಕೋಶ ಹಾಳಾಗುತ್ತದೆ. ದಯವಿಟ್ಟು ಡಾಕ್ಟರ ಕಣ್ಣೆದುರು ಬಿಟ್ಟು ಬೇರೆಲ್ಲೂ ಬೇಡ.

ಕೆಟಮಿನ್‌ನದೇ ಒಂದು ರೂಪವಾದ, ಮೂಗಿಗೆ ಹಾಕುವ ಎಸ್‌ಕೆಟಮಿನ್ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ಕೆಲವು ಅಣಬೆಗಳಲ್ಲಿರುವ ಸಿಲೋಸೈಬಿನ್ ಬೇರೆ ರಿಸೆಪ್ಟರ್ ಹಿಡಿದು ಹೊರಟಿದೆ, ಪ್ರಯೋಗಗಳು ನಡೆಯುತ್ತಿವೆ. ನನಗೆ ಆಗದಿದ್ದದ್ದು ಇನ್ನೊಬ್ಬರಿಗೆ ಆಗಬಹುದು. ಈಗ ಇದನ್ನು ಓದುತ್ತಾ ಕತ್ತಲಲ್ಲಿ ಕೂತಿರುವವರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗುರುವಾರ ನನಗೆ ಮತ್ತೆ ಚೆಕಪ್ ಇದೆ. ಅಣ್ಣ ಊರಿಂದ ಬರುವಾಗ ಮದ್ದೂರು ವಡೆ ತರ್ತೀನಿ ಅಂದಿದ್ದಾನೆ. ಒಂದು ಪೊಟ್ಟಣ ಸಿಸ್ಟರಿಗೆ.